ನೆಲ ಬಿಟ್ಟ ಮೊದಲ ನಿಮಿಷ: ಮನೆಯಲ್ಲಿ ಕಟ್ಟಿದ ವಿಮಾನಗಳ ಕಥೆ

ಈ ವಾರದ ಮಾತಿನ ಬರಹ ರೂಪ ಇಲ್ಲಿದೆ. ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಓದೋರಿಗೆ, ಐರೋಲಿ, ಮಹಾಪೆ ಆಫೀಸುಗಳಲ್ಲಿ ಕೂತು ಹೆಡ್‌ಫೋನ್ ಹಾಕೋಕೆ ಆಗದವರಿಗೆ ಅಂತ ಎಂದಿನಂತೆ ಪೂರ್ತಿ ಹಾಕಿದ್ದೇವೆ.

ರೈಟ್ ಸಹೋದರರು ಮೊದಲ ಸಲ ವಿಮಾನ ಹಾರಿಸಿದ್ದು 1903ರ ಡಿಸೆಂಬರ್ 17ಕ್ಕೆ. ಇದು ಶಾಲೆಯ ಪುಸ್ತಕದಲ್ಲೇ ಇದೆ. ಆದರೆ ಅದಕ್ಕೆ ಮೂರು ದಿನ ಮೊದಲು, ಡಿಸೆಂಬರ್ 14ಕ್ಕೆ ಏನಾಯ್ತು ಅನ್ನೋದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಅವತ್ತು ಅಣ್ಣ ತಮ್ಮ ಇಬ್ಬರೂ ನಾಣ್ಯ ಚಿಮ್ಮಿದರು. ಗೆದ್ದವನು ಅಣ್ಣ ವಿಲ್ಬರ್. ಮರಳು ಗುಡ್ಡದ ಇಳಿಜಾರಿನಲ್ಲಿ ಹಾಸಿದ್ದ ಹಳಿಯ ಮೇಲೆ ವಿಮಾನ ಜಾರಿತು, ನೆಲ ಬಿಟ್ಟಿತು. ವಿಲ್ಬರ್ ಮೂಗನ್ನು ಸ್ವಲ್ಪ ಜಾಸ್ತಿಯೇ ಮೇಲೆತ್ತಿದ. ವೇಗ ಕುಸಿಯಿತು, ರೆಕ್ಕೆ ಹಿಡಿತ ಕಳೆದುಕೊಂಡಿತು, ವಿಮಾನ ಮರಳಿಗೆ ಬಿತ್ತು. ಎಲ್ಲಾ ಸೇರಿ ಮೂರೂವರೆ ಸೆಕೆಂಡು. ವಿಲ್ಬರ್‌ಗೆ ಏನೂ ಆಗಲಿಲ್ಲ, ಮುರಿದ ಭಾಗ ರಿಪೇರಿ ಮಾಡಿದರು. 17ನೇ ತಾರೀಖು ತಮ್ಮ ಆರ್ವಿಲ್‌ನ ಸರದಿ ಬಂತು. ಆಗ ಆದದ್ದೇ 12 ಸೆಕೆಂಡು, 120 ಅಡಿಯ ಆ ಪ್ರಸಿದ್ಧ ಹಾರಾಟ.

ರೈಟ್ ಸಹೋದರರು ಸೈಕಲ್ ಅಂಗಡಿಯವರು. ವಿಮಾನವನ್ನು ತಾವೇ ಕಟ್ಟಿದ್ದರು, ತಾವೇ ಹಾರಿಸಿದರು. ಹಾಗಾಗಿ ಡಿಸೆಂಬರ್ 14ರ ಘಟನೆಗೆ ಇವತ್ತಿನ ತನಿಖಾ ವರದಿಯ ಭಾಷೆಯಲ್ಲಿ ಒಂದು ಹೆಸರಿಡಬಹುದು: ಹವ್ಯಾಸಿ ಕಟ್ಟಿದ ಸಣ್ಣ ವಿಮಾನ, ಟೇಕಾಫ್ ವೇಳೆ ನಿಯಂತ್ರಣ ತಪ್ಪಿದ್ದು. ಎಂಜಿನ್ ಇರೋ ವಿಮಾನದ ಇತಿಹಾಸ ಶುರುವಾಗಿದ್ದೇ ಈ ಅಪಘಾತದಿಂದ. 120 ವರ್ಷ ಕಳೆದರೂ ಮನೆಯಲ್ಲಿ ವಿಮಾನ ಕಟ್ಟೋರನ್ನು ಇದೇ ಅಪಘಾತ ಮತ್ತೆ ಮತ್ತೆ ಕಾಡುತ್ತಿದೆ.

ಠಾಣೆ, ಕಲ್ಯಾಣ, ನವಿ ಮುಂಬಯಿಯಲ್ಲಿರೋ ನಮಗೆ ಇದೆಲ್ಲ ಯಾಕೆ ಅಂತೀರಾ? ಕಾರಣ ಇದೆ. ನಮ್ಮ ಕನ್ನಡ ವಾಟ್ಸಾಪ್ ಗುಂಪುಗಳಲ್ಲಿ ವರ್ಷಕ್ಕೊಮ್ಮೆಯಾದರೂ ಒಂದು ಕಥೆ ಸುತ್ತು ಹೊಡೆಯುತ್ತೆ: ಮುಂಬಯಿಯ ಪೈಲಟ್ ಒಬ್ಬರು ಕಾಂದಿವಲಿಯ ಚಾರ್‌ಕೋಪ್‌ನಲ್ಲಿ, ಮನೆ ಟೆರೇಸಿನ ಮೇಲೆ ವಿಮಾನ ಕಟ್ಟಿದ ಕಥೆ. ಅವರೇ ಕ್ಯಾಪ್ಟನ್ ಅಮೋಲ್ ಯಾದವ್. ಕಥೆ ನಿಜ. ಆದರೆ ಫಾರ್ವರ್ಡ್ ಆಗಿ ಬರೋ ಕಥೆಯಲ್ಲಿ ಒಬ್ಬ ಹೀರೋ ಇರ್ತಾನೆ, ಒಬ್ಬ ವಿಲನ್ ಇರ್ತಾನೆ. ಹೀರೋ ವಿಮಾನ ಕಟ್ಟಿದವರು, ವಿಲನ್ ಪರವಾನಗಿ ಕೊಡದ ಸರ್ಕಾರಿ ಕಚೇರಿ. ಈ ಕಥೆಯಲ್ಲಿ ಮೂರನೇ ಪಾತ್ರವೂ ಒಂದಿದೆ, ಅದು ನೆಲ ಬಿಟ್ಟ ಮೊದಲ ನಿಮಿಷ. ಇವತ್ತಿನ ಮಾತು ಅದರ ಬಗ್ಗೆ.

ಆ ಒಂದು ನಿಮಿಷದಲ್ಲಿ ಏನಾಗುತ್ತೆ?

ನಮ್ಮ ಕೆಲಸದ ಭಾಷೆಯಲ್ಲೇ ಹೇಳ್ತೀನಿ. ಟೇಕಾಫ್ ಅಂದ್ರೆ ರೋಲ್‌ಬ್ಯಾಕ್ ಇಲ್ಲದ ಡಿಪ್ಲಾಯ್‌ಮೆಂಟ್. ರನ್‌ವೇ ಮೇಲೆ ಓಡುತ್ತಾ ಇರುವಾಗ ಏನೋ ಸರಿ ಇಲ್ಲ ಅನ್ನಿಸಿದರೆ ನಿಲ್ಲಿಸಬಹುದು. ಮೂರು ಸಾವಿರ ಅಡಿ ಮೇಲಿದ್ದಾಗ ಎಂಜಿನ್ ನಿಂತರೂ ಯೋಚನೆ ಮಾಡೋಕೆ ಸಮಯ ಇರುತ್ತೆ, ಕೆಳಗೆ ಗದ್ದೆ ಹುಡುಕಬಹುದು. ಇವೆರಡರ ನಡುವೆ, ನೆಲದಿಂದ ನಾಲ್ಕೈದು ನೂರು ಅಡಿವರೆಗೆ, ಕೈಯಲ್ಲಿ ಎತ್ತರವೂ ಇಲ್ಲ, ವೇಗವೂ ಇಲ್ಲ. ಎಂಜಿನ್ ಮಾತ್ರ ಪೂರ್ತಿ ಜೋರಲ್ಲಿ ಓಡ್ತಿರುತ್ತೆ. ಒಂದು ಸಣ್ಣ ಎಡವಟ್ಟು ಸಾಕು.

ಮೊದಲನೆಯದು ಸ್ಟಾಲ್. ಹೆಸರು ಕೇಳಿ ಎಂಜಿನ್ ನಿಲ್ಲೋದು ಅಂದುಕೊಳ್ಳಬೇಡಿ. ಗಾಳಿಗೆ ಎದುರಾಗಿ ರೆಕ್ಕೆ ಒಂದು ಮಿತಿಗಿಂತ ಜಾಸ್ತಿ ಓರೆಯಾದರೆ, ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಬಿಟ್ಟುಕೊಳ್ಳುತ್ತೆ. ಎತ್ತಿ ಹಿಡಿಯುವ ಬಲ ಒಮ್ಮೆಲೇ ಕುಸಿಯುತ್ತೆ. ಎಂಜಿನ್ ಪಾಡಿಗೆ ಎಂಜಿನ್ ಓಡ್ತಾನೇ ಇರುತ್ತೆ. ಇದರಿಂದ ಹೊರಬರೋಕೆ ಮೂಗು ಕೆಳಗೆ ಮಾಡಿ ವೇಗ ಗಳಿಸಬೇಕು. ನೆಲ ನೂರಡಿ ಕೆಳಗೇ ಇದ್ದಾಗ ಮೂಗು ಕೆಳಗೆ ಮಾಡೋದು ಮನುಷ್ಯನ ಸಹಜ ಬುದ್ಧಿಗೆ ಪೂರ್ತಿ ವಿರುದ್ಧ. ಕೈ ತಾನಾಗೇ ಹಿಡಿಕೋಲನ್ನು ಹಿಂದಕ್ಕೆ ಎಳೆಯುತ್ತೆ. ವಿಲ್ಬರ್ ಮೂಗು ಎತ್ತಿದ್ದೂ ಹೀಗೇ.

ಎರಡನೆಯದು ಪಕ್ಕಕ್ಕೆ ಎಳೆತ. ಮುಂದೆ ಒಂದೇ ಪ್ರೊಪೆಲರ್ ಇರೋ ವಿಮಾನದಲ್ಲಿ ಎಂಜಿನ್ ಪೂರ್ತಿ ಕೊಟ್ಟಾಗ ಮೂಗು ಒಂದು ಕಡೆಗೆ ಎಳೆಯುತ್ತೆ, ಸಾಮಾನ್ಯ ಅಮೆರಿಕನ್ ಎಂಜಿನ್‌ಗಳಲ್ಲಿ ಎಡಕ್ಕೆ. ಪೈಲಟ್ ಬಲಗಾಲಿನಿಂದ ರಡರ್ ಒತ್ತಿ ಸರಿ ಮಾಡಬೇಕು. ಎಷ್ಟು ಒತ್ತಬೇಕು ಅನ್ನೋದು ವಿಮಾನದಿಂದ ವಿಮಾನಕ್ಕೆ ಬೇರೆ. ಕಡಿಮೆ ಅಶ್ವಶಕ್ತಿಯ ತರಬೇತಿ ವಿಮಾನದಲ್ಲಿ ಕಲಿತ ಕಾಲು, ಹಗುರ ಮೈಗೆ ದೊಡ್ಡ ಎಂಜಿನ್ ಹಾಕಿದ ಸ್ವಂತ ವಿಮಾನದಲ್ಲಿ ತಡವಾಗಿ ಒತ್ತುತ್ತೆ.

ಮೂರನೆಯದು ತೂಕದ ಹಂಚಿಕೆ. ಬ್ಯಾಟರಿ ಎಲ್ಲಿಟ್ಟಿರಿ, ಬಣ್ಣ ಎಷ್ಟು ದಪ್ಪ ಹೊಡೆದಿರಿ, ಹಿಂದೆ ಏನು ಸೇರಿಸಿದಿರಿ, ಎಲ್ಲಾ ಲೆಕ್ಕಕ್ಕೆ ಬರುತ್ತೆ. ತೂಕ ಹಿಂದಕ್ಕೆ ಜಾಸ್ತಿಯಾದರೆ ನೆಲ ಬಿಟ್ಟ ಕೂಡಲೇ ಮೂಗು ತಾನಾಗೇ ಏಳುತ್ತೆ, ತಳ್ಳಿದರೂ ಇಳಿಯೋದಿಲ್ಲ.

ನಾಲ್ಕನೆಯದು ನೆಲದ ಹತ್ತಿರದ ಗಾಳಿ ತೋರಿಸೋ ಆಸೆ. ನೆಲಕ್ಕೆ ತೀರಾ ಹತ್ತಿರ ಇದ್ದಾಗ ರೆಕ್ಕೆಗೆ ಎಳೆತ ಕಮ್ಮಿ, ಹಾಗಾಗಿ ಸಾಕಷ್ಟು ವೇಗ ಬರುವ ಮೊದಲೇ ವಿಮಾನ ಎದ್ದುಬಿಡಬಹುದು. ಸ್ವಲ್ಪ ಮೇಲೆ ಹೋದಮೇಲೆ ಆ ಸಹಾಯ ಸಿಗಲ್ಲ. ಮೇಲೇರೋಕೂ ಆಗದೆ, ಇಳಿಯೋಕೆ ರನ್‌ವೇನೂ ಉಳಿಯದೆ ಸಿಕ್ಕಿಹಾಕಿಕೊಳ್ಳುತ್ತಾರೆ.

ಐದನೆಯದು ಎಲ್ಲಕ್ಕಿಂತ ಕ್ರೂರ. ಎಂಜಿನ್ ನಿಂತಾಗ ವಾಪಸ್ ರನ್‌ವೇಗೆ ತಿರುಗೋ ಮನಸ್ಸು. ಓರೆಯಾಗಿ ತಿರುಗುವಾಗ ರೆಕ್ಕೆ ವಿಮಾನದ ತೂಕ ಹೊರುವುದರ ಜೊತೆಗೆ ತಿರುವಿನ ಬಲವನ್ನೂ ಕೊಡಬೇಕು, ಹಾಗಾಗಿ ಸ್ಟಾಲ್ ಆಗುವ ವೇಗ ಏರುತ್ತೆ. ನೇರ ಹಾರಾಟದಲ್ಲಿ ಗಂಟೆಗೆ 80 ಕಿಲೋಮೀಟರ್‌ಗೆ ಸ್ಟಾಲ್ ಆಗೋ ವಿಮಾನ, 45 ಡಿಗ್ರಿ ಓರೆಯಲ್ಲಿ ಎತ್ತರ ಕಳೆದುಕೊಳ್ಳದೆ ತಿರುಗೋಕೆ ಹೋದರೆ 95ಕ್ಕೇ ಸ್ಟಾಲ್ ಆಗುತ್ತೆ. 60 ಡಿಗ್ರಿಯಲ್ಲಾದರೆ 113ಕ್ಕೆ. ಎಂಜಿನ್ ಇಲ್ಲ, ವೇಗ ಇಳಿಯುತ್ತಿದೆ, ಬೇಕಾದ ವೇಗ ಮಾತ್ರ ಏರುತ್ತಿದೆ. ಅದಕ್ಕೇ ಫ್ಲೈಯಿಂಗ್ ಶಾಲೆಗಳಲ್ಲಿ ಹೊಸಬರಿಗೆ ಹೇಳಿಕೊಡೋದು: ಎತ್ತರ ಇಲ್ಲದಿದ್ದರೆ ತಿರುಗಬೇಡ, ಮೂಗು ಇಳಿಸು, ಎದುರಿಗೆ ಸಿಕ್ಕಿದ ಜಾಗದಲ್ಲಿ ಇಳಿ.

ಈ ಅಪಾಯಗಳು ಕಾರ್ಖಾನೆ ವಿಮಾನಕ್ಕೂ ಇವೆ. ಆದರೆ ಅಲ್ಲಿ ಪರೀಕ್ಷಾ ಪೈಲಟ್‌ಗಳು ನೂರಾರು ಗಂಟೆ ಹಾರಿಸಿ, ಎಲ್ಲಿ ಏನಾಗುತ್ತೆ ಅಂತ ಬರೆದಿಟ್ಟಿರುತ್ತಾರೆ. ಅದೇ ಮಾದರಿಯ ವಿಮಾನದಲ್ಲಿ ಗುರು ಪಕ್ಕದಲ್ಲಿ ಕೂತು ಕಲಿಸಿರುತ್ತಾರೆ. ಮನೆಯಲ್ಲಿ ಕಟ್ಟಿದ ವಿಮಾನದಲ್ಲಿ ಕೋಡ್ ಬರೆದವನೇ ಟೆಸ್ಟರ್, ಅವನೇ ಮೊದಲ ಯೂಸರ್. ಇನ್ನೊಂದು ವಿಪರ್ಯಾಸ ನೋಡಿ. ವಿಮಾನ ಕಟ್ಟೋಕೆ ಐದು ವರ್ಷ, ಹತ್ತು ವರ್ಷ ಹಿಡಿಯುತ್ತೆ. ದುಡ್ಡು, ಭಾನುವಾರ ಎಲ್ಲಾ ಕಟ್ಟೋದಕ್ಕೇ ಹೋಗುತ್ತೆ. ಆ ವರ್ಷಗಳಲ್ಲಿ ಹಾರಾಟದ ಅಭ್ಯಾಸ ತಪ್ಪಿಹೋಗಿರುತ್ತೆ. ಹೊಸ ವಿಮಾನ ತಯಾರಾದ ದಿನ, ಆ ಮನುಷ್ಯ ತನ್ನ ಜೀವನದಲ್ಲೇ ಅತಿ ಕಮ್ಮಿ ಅಭ್ಯಾಸ ಇರೋ ಪೈಲಟ್ ಆಗಿರಬಹುದು.

ಮದರಾಸಿನ ಹೋಟೆಲ್ ಮಾಲೀಕ, ಆನೇಕಲ್ಲಿನ ಶಾಸ್ತ್ರಿಗಳು

ನಮ್ಮ ದೇಶದಲ್ಲೂ ಈ ಹವ್ಯಾಸ ಹೊಸದಲ್ಲ. 1910ರಲ್ಲಿ ಮದರಾಸಿನ ಹೋಟೆಲ್ ಮಾಲೀಕ, ಕಾರ್ಸಿಕಾ ಮೂಲದ ಜಿಯಾಕೊಮೊ ಡಿ'ಏಂಜಲಿಸ್, ಸಿಂಪ್ಸನ್ ಕಂಪನಿಯ ಕುದುರೆಗಾಡಿ ಕಾರ್ಖಾನೆಯಲ್ಲಿ ವಿಮಾನ ಕಟ್ಟಿಸಿ ಪಲ್ಲಾವರದಲ್ಲಿ ಹಾರಿಸಿದರು. ಅದು ರೈಟ್ ಸಹೋದರರ ಹಾರಾಟದ ಏಳು ವರ್ಷಕ್ಕೇ. ಅದರ ಮರುವರ್ಷ, 1911ರಲ್ಲಿ, ಯೂರೋಪಿನ ಪೈಲಟ್‌ಗಳು ಬೆಂಗಳೂರಿಗೂ ಬಂದು ವಿಮಾನ ತೋರಿಸಿದರು.

ಮುಂಬಯಿಯಲ್ಲಿ ಇನ್ನೊಂದು ಕಥೆ ಇದೆ. 1895ರಲ್ಲಿ ಶಿವಕರ ಬಾಪೂಜಿ ತಳಪದೆ ಅನ್ನೋರು ಚೌಪಾಟಿಯಲ್ಲಿ ಮನುಷ್ಯರಿಲ್ಲದ ವಿಮಾನ ಹಾರಿಸಿದರು ಅಂತ ಹೇಳ್ತಾರೆ. ಇದಕ್ಕೆ ಆ ಕಾಲದ ಗಟ್ಟಿ ದಾಖಲೆ ಸಿಕ್ಕಿಲ್ಲ. ಈ ಕಥೆಯ ಜೊತೆಗೆ ತಳಕು ಹಾಕಿಕೊಂಡ ಹೆಸರು ನಮ್ಮ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳದು. ಅವರು ಹೇಳಿ ಬರೆಸಿದ ವೈಮಾನಿಕ ಶಾಸ್ತ್ರ ಅನ್ನೋ ಸಂಸ್ಕೃತ ಗ್ರಂಥಕ್ಕೆ 1923ರಲ್ಲಿ ಚಿತ್ರಗಳನ್ನೂ ಬರೆಸಲಾಯಿತು. ಮೈಸೂರಿನ ಜಿ. ಆರ್. ಜೋಯಿಸರ್ 1973ರಲ್ಲಿ ಅದನ್ನು ಇಂಗ್ಲಿಷಿನಲ್ಲಿ ಹೊರತಂದರು.

ಮರುವರ್ಷ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು, ಎಚ್. ಎಸ್. ಮುಕುಂದ ಮತ್ತು ಅವರ ಸಹೋದ್ಯೋಗಿಗಳು, ಈ ಗ್ರಂಥವನ್ನು ಕೈಗೆತ್ತಿಕೊಂಡರು. ಅವರು ಗೇಲಿ ಮಾಡಲಿಲ್ಲ, ಲೆಕ್ಕ ಹಾಕಿದರು. ಚಿತ್ರದಲ್ಲಿರೋ ವಿಮಾನಗಳ ತೂಕ ಎಷ್ಟು? ಎತ್ತೋ ಬಲ ಎಲ್ಲಿಂದ? ಬಣ್ಣನೆಯಂತೆ ಕಟ್ಟಿದರೆ ಯಾವುದೂ ಹಾರೋದಿಲ್ಲ, ಗ್ರಂಥದ ಕಾಲ 1904ಕ್ಕಿಂತ ಹಿಂದಿನದಲ್ಲ ಅನ್ನೋದು ಅವರ ತೀರ್ಮಾನ. ಗ್ರಂಥದ ವಾದ ವಿವಾದ ಪಕ್ಕಕ್ಕಿಡೋಣ. ಇವತ್ತಿನ ವಿಷಯಕ್ಕೆ ಬೇಕಾದದ್ದು ಆ ಐವರು ಕೆಲಸ ಮಾಡಿದ ರೀತಿ. ಕಾಗದದ ಮೇಲಿನ ವಿಮಾನವನ್ನು ಕಾಗದದ ಮೇಲೇ ಪರೀಕ್ಷಿಸಿದರು. ಯಾರೂ ಹತ್ತಿ ಕೂತು ಬೀಳಬೇಕಾಗಲಿಲ್ಲ. 1930ರ ದಶಕದ ಯೂರೋಪಿನಲ್ಲಿ ಇದು ಉಲ್ಟಾ ಆಗಿತ್ತು.

ಆಕಾಶದ ಹೇನು

1933ರಲ್ಲಿ ಆನ್ರಿ ಮಿನ್ಯೆ ಅನ್ನೋ ಫ್ರೆಂಚ್ ಹವ್ಯಾಸಿ ಒಂದು ಪುಟಾಣಿ ವಿಮಾನ ಮಾಡಿ ಹಾರಿಸಿದ. ಅದರ ಹೆಸರು ಪೂ ದು ಸಿಯೆಲ್, ಕನ್ನಡದಲ್ಲಿ ಹೇಳೋದಾದರೆ ಆಕಾಶದ ಹೇನು. ಹಿಂದೊಂದು ಮುಂದೊಂದು ರೆಕ್ಕೆ, ಸಣ್ಣ ಎಂಜಿನ್. ಮರುವರ್ಷ ಅದನ್ನು ಕಟ್ಟೋದು ಹೇಗೆ ಅಂತ ಪುಸ್ತಕ ಬರೆದ. ಸ್ವಲ್ಪ ಬಡಗಿ ಕೆಲಸ ಗೊತ್ತಿರೋ ಯಾರು ಬೇಕಾದರೂ ವಿಮಾನ ಕಟ್ಟಬಹುದು, ತಾವೇ ಹಾರಲು ಕಲಿಯಬಹುದು ಅನ್ನೋದು ಅವನ ಮಾತಿನ ಸಾರ. ಪುಸ್ತಕ ಇಂಗ್ಲಿಷಿಗೂ ಬಂತು. ಫ್ರಾನ್ಸ್, ಇಂಗ್ಲೆಂಡಿನ ಗ್ಯಾರೇಜುಗಳಲ್ಲಿ ಜನ ಮುಗಿಬಿದ್ದು ಕಟ್ಟೋಕೆ ಶುರು ಮಾಡಿದರು. ಇವತ್ತಿನ ಭಾಷೆಯಲ್ಲಿ ಅದು ಓಪನ್ ಸೋರ್ಸ್ ವಿಮಾನ.

ಆಮೇಲೆ ಸಾವುಗಳು ಶುರುವಾದವು. ಒಂದೇ ತರಹದ ಸಾವುಗಳು: ಮೂಗು ಕೆಳಗೆ ಹೋಗುತ್ತೆ, ಪೈಲಟ್ ಹಿಡಿಕೋಲು ಹಿಂದಕ್ಕೆ ಎಳೀತಾನೆ, ಮೂಗು ಏಳೋದೇ ಇಲ್ಲ. ಕೊನೆಗೆ 1936ರ ಹೊತ್ತಿಗೆ ಫ್ರಾನ್ಸ್, ಇಂಗ್ಲೆಂಡ್ ಎರಡೂ ಕಡೆ ಪೂರ್ತಿ ಗಾತ್ರದ ವಿಮಾನವನ್ನು ದೊಡ್ಡ ಗಾಳಿಸುರಂಗದಲ್ಲಿಟ್ಟು ನೋಡಿದರು. ಎರಡು ರೆಕ್ಕೆಗಳ ನಡುವಿನ ಸಂದಿಯೇ ಕೊಲೆಗಾರ ಅಂತ ಗೊತ್ತಾಯ್ತು. ಮೂಗು ಒಂದು ಕೋನಕ್ಕಿಂತ ಕೆಳಗೆ ಹೋದಾಗ ಮುಂದಿನ ರೆಕ್ಕೆ ಮೇಲೆತ್ತಿದರೆ, ಸಂದಿಯಲ್ಲಿ ಗಾಳಿ ರಭಸವಾಗಿ ಹರಿದು ಹಿಂದಿನ ರೆಕ್ಕೆಗೇ ಹೆಚ್ಚು ಬಲ ಕೊಡುತ್ತಿತ್ತು. ಎಳೆದಷ್ಟೂ ಮೂಗು ಇನ್ನೂ ಕೆಳಗೆ. ಪೈಲಟ್‌ನ ಕೈ ಸರಿಯಾದದ್ದನ್ನೇ ಮಾಡಿತ್ತು, ವಿಮಾನ ಉಲ್ಟಾ ಉತ್ತರ ಕೊಟ್ಟಿತ್ತು. ವಿಮಾನಕ್ಕೆ ಹಾರಾಟದ ಅನುಮತಿ ನಿಂತಿತು. ಮುಂದೆ ಮಿನ್ಯೆ ವಿನ್ಯಾಸ ತಿದ್ದಿದ, ತಿದ್ದಿದ ಮಾದರಿಗಳು ಹಾರಿದವು ಕೂಡ. ಮೊದಲೇ ಗಾಳಿಸುರಂಗಕ್ಕೆ ಇಟ್ಟಿದ್ದರೆ ಅಷ್ಟು ಜನ ಬದುಕಿರುತ್ತಿದ್ದರು.

ಸರ್ಕಾರದ ಕಣ್ಣು ಹವ್ಯಾಸಿ ವಿಮಾನಗಳ ಮೇಲೆ ಗಟ್ಟಿಯಾಗಿ ಬಿದ್ದದ್ದು ಇಲ್ಲಿಂದ. ಅನುಮತಿ, ತಪಾಸಣೆ, ಹಂತ ಹಂತದ ಪರೀಕ್ಷೆ ಇವುಗಳ ಹಿಂದೆ ಇರೋದು ಇಂಥ ಸಾವುಗಳ ಲೆಕ್ಕ.

ಅಮೆರಿಕದ ಲೆಕ್ಕಪುಸ್ತಕ

ಯುದ್ಧ ಮುಗಿದ ಮೇಲೆ ಈ ಹವ್ಯಾಸ ಅಮೆರಿಕದಲ್ಲಿ ದೊಡ್ಡದಾಗಿ ಬೆಳೆಯಿತು. 1953ರಲ್ಲಿ ಪಾಲ್ ಪೊಬೆರೆಜ್ನಿ ಮಿಲ್ವಾಕಿಯಲ್ಲಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಶುರು ಮಾಡಿದರು. ಅಲ್ಲಿನ ನಿಯಮ ಸರಳ: ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ, ಕಲಿಕೆಗೆ ಅಥವಾ ಖುಷಿಗೆ ಮಾಡಿರಬೇಕು. ಬದಲಿಗೆ ಕಾರ್ಖಾನೆ ವಿಮಾನದಷ್ಟು ಕಠಿಣ ಪ್ರಮಾಣಪತ್ರ ಬೇಡ. ಆದರೆ ಸಾಮಾನ್ಯವಾಗಿ ಮೊದಲ 25 ಅಥವಾ 40 ಗಂಟೆ ಪ್ರಯಾಣಿಕರಿಲ್ಲದೆ, ಗೊತ್ತುಮಾಡಿದ ಜಾಗದಲ್ಲೇ ಹಾರಿಸಿ ಪರೀಕ್ಷೆ ಮಾಡಬೇಕು.

ಅಲ್ಲಿನ ವಿನ್ಯಾಸಗಾರ ಬರ್ಟ್ ರುಟಾನ್ ರೂಪಿಸಿದ ಲಾಂಗ್-ಈಝೀ ಅನ್ನೋ ವಿಮಾನಕ್ಕೆ ಬೆಂಗಳೂರಿನ ನಂಟೂ ಇದೆ. ಬಾಲ ಇರಬೇಕಾದ ಸಣ್ಣ ರೆಕ್ಕೆ ಮುಂದಕ್ಕಿರೋ ವಿಮಾನ ಅದು. 1980ರ ದಶಕದಲ್ಲಿ ಬೆಂಗಳೂರಿನ ಎನ್‌ಎಎಲ್ ತನ್ನ ಹಗುರ ಸಂಶೋಧನಾ ವಿಮಾನವನ್ನು ಇದೇ ವಿನ್ಯಾಸ ಆಧರಿಸಿ ಕಟ್ಟಿತು. ನಾರುಗಾಜಿನಂಥ ಹೊಸ ವಸ್ತುಗಳಲ್ಲಿ ವಿಮಾನ ಕಟ್ಟೋ ಕೈ ಪಳಗಿತು. 1993ರಲ್ಲಿ ಹಾರಿದ ಎನ್‌ಎಎಲ್‌ನ ಎರಡು ಸೀಟಿನ ಹಂಸ ಕೂಡ ಅಂಥ ವಸ್ತುಗಳಿಂದಲೇ ಆದದ್ದು.

ಅದೇ ಲಾಂಗ್-ಈಝೀಯಲ್ಲಿ 1997ರ ಅಕ್ಟೋಬರ್ 12ಕ್ಕೆ ಅಮೆರಿಕದ ಹೆಸರಾಂತ ಹಾಡುಗಾರ ಜಾನ್ ಡೆನ್ವರ್ ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಗೆ ಬಿದ್ದು ತೀರಿಕೊಂಡರು. ಅವರು ಹೊಸಬರಲ್ಲ, 2,700 ಗಂಟೆಗೂ ಹೆಚ್ಚು ಹಾರಿದ್ದವರು. ವಿಮಾನ ಬೇರೆ ಯಾರೋ ಕಟ್ಟಿದ್ದು, ಇವರು ಆಗಷ್ಟೇ ಕೊಂಡದ್ದು. ಇಂಧನ ಟ್ಯಾಂಕ್ ಬದಲಿಸುವ ಹಿಡಿಯನ್ನು ಕಟ್ಟಿದವರು ಮೂಲ ವಿನ್ಯಾಸದ ಜಾಗ ಬಿಟ್ಟು, ಪೈಲಟ್‌ನ ಎಡ ಭುಜದ ಹಿಂದೆ ಇಟ್ಟಿದ್ದರು. ಅದನ್ನು ತಿರುಗಿಸಲು ಹಿಂದಕ್ಕೆ ತಿರುಗಿದಾಗ ಕಾಲು ಅರಿಯದೆ ರಡರ್ ಒತ್ತಿತು, ವಿಮಾನ ಕೈ ತಪ್ಪಿತು ಅನ್ನೋದು ತನಿಖೆಯ ಸಾರ. ಇದು ಟೇಕಾಫ್ ಕ್ಷಣದಲ್ಲಿ ಆದದ್ದಲ್ಲ, ಕೆಲವು ಸಲ ಇಳಿದು ಏರಿ ಅಭ್ಯಾಸ ಮಾಡಿದ ನಂತರ ಆದದ್ದು. ಪಾಠ ಮಾತ್ರ ಅದೇ. ಪೈಲಟ್‌ಗೆ ಹಾರಾಟ ಗೊತ್ತಿತ್ತು, ಆ ಒಂದು ವಿಮಾನ ಗೊತ್ತಿರಲಿಲ್ಲ.

2012ರಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ ಹವ್ಯಾಸಿ ವಿಮಾನಗಳ ಮೇಲೆ ಒಂದು ಅಧ್ಯಯನ ಹೊರತಂದಿತು. ಅಂಕಿ ಅಂಶ ಇಷ್ಟಪಡೋರು ಗಮನಿಸಿ. ಅಲ್ಲಿನ ಸಣ್ಣ ವಿಮಾನಗಳಲ್ಲಿ ಹವ್ಯಾಸಿ ವಿಮಾನಗಳ ಪಾಲು ಸುಮಾರು ಶೇಕಡಾ 10. 2011ರ ಅಪಘಾತಗಳಲ್ಲಿ ಅವುಗಳ ಪಾಲು ಶೇಕಡಾ 15, ಜೀವ ಹೋದ ಅಪಘಾತಗಳಲ್ಲಿ ಶೇಕಡಾ 21. ಹೆಚ್ಚಿನವಕ್ಕೆ ಕಾರಣ ಎರಡು: ಎಂಜಿನ್ ಕೈಕೊಟ್ಟಿದ್ದು, ನಿಯಂತ್ರಣ ತಪ್ಪಿದ್ದು. ರೆಕ್ಕೆ ಮುರಿದು ಬೀಳೋದು, ಬೋಲ್ಟು ಬಿಚ್ಚಿಕೊಳ್ಳೋದು, ನಾವು ಮನೆಯಲ್ಲಿ ಕಟ್ಟಿದ ವಿಮಾನ ಅಂದಾಗ ಹೆದರೋ ಸಂಗತಿಗಳು, ಮುಖ್ಯ ಕಾರಣಗಳೇ ಅಲ್ಲ.

ಇನ್ನೊಂದು ಅಂಕಿ ಇದೆ. ಆ ವರ್ಷ ಕಟ್ಟಿದವರ ಕೈಯಲ್ಲೇ ಇದ್ದ 102 ವಿಮಾನಗಳ ಅಪಘಾತಗಳಲ್ಲಿ 10 ಆದದ್ದು ವಿಮಾನದ ಮೊಟ್ಟಮೊದಲ ಹಾರಾಟದಲ್ಲಿ. ಸೆಕೆಂಡ್ ಹ್ಯಾಂಡ್ ಕೊಂಡ 125 ವಿಮಾನಗಳಲ್ಲಿ 14 ಬಿದ್ದದ್ದು ಹೊಸ ಮಾಲೀಕನ ಮೊದಲ ಹಾರಾಟದಲ್ಲಿ. ವಿಮಾನ ಹಳೆಯದಾಗಿದ್ದರೂ, ಮನುಷ್ಯನಿಗೆ ಅದು ಹೊಸದಾದ ದಿನವೇ ಅಪಾಯ.

ಮಂಡಳಿಯ ಸಲಹೆಗಳೂ ಇದಕ್ಕೆ ತಕ್ಕಂತೆ ಇದ್ದವು. ಮೊದಲ ಹಾರಾಟಕ್ಕೆ ಮುಂಚೆ ಬರೆದಿಟ್ಟ ಪರೀಕ್ಷಾ ಯೋಜನೆ ಇರಲಿ. ಇಂಧನ ಸರಿಯಾಗಿ ಹರಿಯುತ್ತಾ ಅಂತ ನೆಲದ ಮೇಲೇ ಪರೀಕ್ಷೆ ಆಗಲಿ. ಅದೇ ತರಹದ ವಿಮಾನದಲ್ಲಿ ಪೈಲಟ್ ಮೊದಲೇ ತರಬೇತಿ ಪಡೆಯಲಿ. ಮುಂದೆ ಅಲ್ಲಿನ ನಿಯಮವೂ ಸಡಿಲವಾಯಿತು. ಮೊದಲೆಲ್ಲ ಪರೀಕ್ಷಾ ಗಂಟೆಗಳಲ್ಲಿ ಒಬ್ಬನೇ ಹಾರಬೇಕಿತ್ತು, 2014ರಿಂದ ಅನುಭವಿ ಪೈಲಟ್ ಒಬ್ಬರನ್ನು ಜೊತೆಗೆ ಕೂರಿಸಿಕೊಳ್ಳಲು ದಾರಿ ಆಯಿತು. ಇಲ್ಲಿ ಸುರಕ್ಷೆ ಬಂದದ್ದು ನಿಯಮ ಬಿಗಿ ಮಾಡಿದ್ದರಿಂದಲ್ಲ, ಲೆಕ್ಕ ನೋಡಿ ಬದಲಿಸಿದ್ದರಿಂದ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತೆ.

ಬೆಂಗಳೂರಿನ ರಾಜಹಂಸ

ಕನ್ನಡನಾಡಿಗೆ ಈ ಹವ್ಯಾಸದಲ್ಲಿ ಇನ್ನೂ ಒಂದು ಪಾಲಿದೆ. ಫ್ರೆಂಚ್ ಮೂಲದ ಜೋಯೆಲ್ ಕೋಷ್ಲಾಂ ಬೆಂಗಳೂರಿನಲ್ಲಿ ಕಟ್ಟಿದ ರಾಜಹಂಸ ಅಲ್ಟ್ರಾಲೈಟ್ಸ್ ಕಂಪನಿ ಎಕ್ಸ್-ಏರ್ ಅನ್ನೋ ಎರಡು ಸೀಟಿನ ಹಗುರ ವಿಮಾನ ತಯಾರಿಸಿತು. ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು, ಅದಕ್ಕೆ ಬಿಗಿದ ಬಟ್ಟೆ. ಇದು ಬಿಡಿಭಾಗಗಳ ಕಿಟ್ ಆಗಿ ಇಂಗ್ಲೆಂಡ್ ಮೊದಲಾದ ದೇಶಗಳಿಗೆ ಹೋಯಿತು. ಅಲ್ಲಿನ ಹವ್ಯಾಸಿಗಳು ತಮ್ಮ ಗ್ಯಾರೇಜಿನಲ್ಲಿ ಜೋಡಿಸಿ ಹಾರಿಸಿದರು. ನಾವು ಅಲ್ಲಿಗೆ ಕೋಡ್ ಕಳಿಸೋ ಕಾಲಕ್ಕೆ ಬೆಂಗಳೂರಿನಿಂದ ವಿಮಾನವೂ ಪೆಟ್ಟಿಗೆಯಲ್ಲಿ ಹೋಗುತ್ತಿತ್ತು.

ಇಂಥ ಬಟ್ಟೆ ರೆಕ್ಕೆಯ ವಿಮಾನಗಳಿಗೆ ಒಂದು ಸ್ವಭಾವ ಇದೆ. ತೂಕ ಕಮ್ಮಿ, ಗಾಳಿಯ ಎಳೆತ ಜಾಸ್ತಿ. ಮೇಲೇರುವಾಗ ಎಂಜಿನ್ ನಿಂತರೆ ಕಣ್ಣು ಮಿಟುಕಿಸೋದರೊಳಗೆ ವೇಗ ಕಳೆದುಕೊಳ್ಳುತ್ತವೆ. ಭಾರದ ವಿಮಾನದಲ್ಲಿ ಕಲಿತವರಿಗೆ ಇದು ಹೊಸದು. ದೊಡ್ಡ ವಿಮಾನ ಓಡಿಸಿ ಬಂದವರು ಇದು ಆಟಿಕೆ ಅಂದುಕೊಂಡರೆ ಅಲ್ಲೇ ಕಷ್ಟ. ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತೆ. ಬೆಂಗಳೂರಿನ ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಅಲ್ಲಿ ಗಾಳಿ ತೆಳು, ಏಪ್ರಿಲ್ ಮಧ್ಯಾಹ್ನ ಇನ್ನೂ ತೆಳು. ಎಂಜಿನ್, ಪ್ರೊಪೆಲರ್, ರೆಕ್ಕೆ ಮೂರೂ ಸೊರಗುತ್ತವೆ. ಸಮುದ್ರ ಪಕ್ಕದ ಜುಹೂನಲ್ಲಿ ಬೇಗ ಏಳೋ ವಿಮಾನಕ್ಕೆ ಜಕ್ಕೂರಿನಲ್ಲಿ ಜಾಸ್ತಿ ರನ್‌ವೇ ಬೇಕು.

ಚಾರ್‌ಕೋಪ್‌ನಿಂದ ಧುಳೆಗೆ

ಈಗ ವಾಟ್ಸಾಪ್ ಕಥೆಗೆ ವಾಪಸ್ ಬರೋಣ. ಅಮೋಲ್ ಯಾದವ್ ಜೆಟ್ ಏರ್‌ವೇಸ್‌ನಲ್ಲಿ ಪೈಲಟ್ ಆಗಿದ್ದವರು. ಹಾರಲು ಕಲಿತದ್ದು ಅಮೆರಿಕದಲ್ಲಿ, ಸ್ವಂತ ವಿಮಾನದ ಆಸೆ ಹುಟ್ಟಿದ್ದೂ ಅಲ್ಲೇ. 1990ರ ದಶಕದ ಕೊನೆಯಿಂದ ಪ್ರಯತ್ನ ಮಾಡಿದರು. ಟೆರೇಸಿನಲ್ಲಿ ಕಟ್ಟಿದ ಆರು ಸೀಟಿನ ವಿಮಾನ ಅವರ ಮೂರನೇ ಪ್ರಯತ್ನ, ಹೆಸರಲ್ಲೇ ಇದೆ: ಟಿಎಸಿ-003. 2016ರ ಫೆಬ್ರವರಿಯಲ್ಲಿ ಬಾಂದ್ರಾ-ಕುರ್ಲಾ ಸಂಕೀರ್ಣದ ಮೇಕ್ ಇನ್ ಇಂಡಿಯಾ ಮೇಳಕ್ಕೆ ಅದನ್ನು ಟೆರೇಸಿನಿಂದ ಕ್ರೇನ್ ಹಾಕಿ ಇಳಿಸಬೇಕಾಯಿತು. 2011ರಲ್ಲೇ ಅರ್ಜಿ ಹಾಕಿದ್ದ ನೋಂದಣಿ ಸಿಕ್ಕಿದ್ದು 2017ರ ನವೆಂಬರ್‌ನಲ್ಲಿ. ಹಾರಿಸಿ ನೋಡುವ ಅನುಮತಿ ಸಿಕ್ಕಿದ್ದು 2019ರ ಅಕ್ಟೋಬರ್‌ನಲ್ಲಿ. ನಡುವೆ 2018ರಲ್ಲಿ ಪಾಲ್ಘರ್‌ನಲ್ಲಿ ವಿಮಾನ ಕಾರ್ಖಾನೆಗೆ ರಾಜ್ಯ ಸರ್ಕಾರದ ಜೊತೆ ಒಪ್ಪಂದವೂ ಆಯಿತು. ಈ ಪಾಲ್ಘರ್ 2014ರವರೆಗೆ ನಮ್ಮ ಠಾಣೆ ಜಿಲ್ಲೆಯದೇ ಭಾಗ.

ಎಂಟು ವರ್ಷ. ಕೇಳಿದರೆ ಸಿಟ್ಟು ಬರುತ್ತೆ, ಬರಬೇಕು. ಇಷ್ಟು ವರ್ಷ ಫೈಲು ಅಲೆದಾಡೋದಕ್ಕೂ ಸುರಕ್ಷೆಗೂ ಸಂಬಂಧ ಇಲ್ಲ. ಕಾಯಿಸೋದರಿಂದ ಯಾವ ವಿಮಾನವೂ ಸುರಕ್ಷಿತ ಆಗಲ್ಲ. ಆದರೆ ಅನುಮತಿ ಬಂದ ಮೇಲೆ ನಡೆದದ್ದು ಫಾರ್ವರ್ಡ್‌ಗಳಲ್ಲಿ ಬರಲ್ಲ. ವಿಮಾನವನ್ನು ಚಾರ್‌ಕೋಪ್ ಪಕ್ಕದಿಂದ ಹಾರಿಸಲಿಲ್ಲ. ಮುಂಬಯಿಯಿಂದ ಮುನ್ನೂರು ಕಿಲೋಮೀಟರ್‌ಗೂ ದೂರದ ಧುಳೆ ಏರ್‌ಸ್ಟ್ರಿಪ್‌ನಲ್ಲಿ, 2020ರ ಆಗಸ್ಟ್‌ನಲ್ಲಿ ಪರೀಕ್ಷಾ ಹಾರಾಟ ನಡೆಯಿತು. ಯಾರೂ ಬೀಳಲಿಲ್ಲ, ಹಾಗಾಗಿ ಬ್ರೇಕಿಂಗ್ ನ್ಯೂಸ್ ಆಗಲಿಲ್ಲ. ಮೊದಲ ಹಾರಾಟ ಹೀಗೇ ಸಪ್ಪೆಯಾಗಿರಬೇಕು. ಟೆರೇಸಿನಿಂದ ವಿಮಾನ ಇಳಿಸೋಕೆ ಕ್ರೇನ್ ತರಿಸಿದ್ದು ಸುದ್ದಿಯಾಯಿತು. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಸಾಧನೆ ಧುಳೆಯದು.

ಧುಳೆ ಯಾಕೆ ಮುಖ್ಯ ಅಂತ ತಿಳಿಯಬೇಕಾದರೆ ನಮ್ಮ ಕಲ್ಯಾಣದ ಹತ್ತಿರದ ನೆವಾಳಿಗೆ ಹೋಗಿ ನೋಡಿ. ಎರಡನೇ ಮಹಾಯುದ್ಧದ ಕಾಲಕ್ಕೆ ಬ್ರಿಟಿಷರು ರೈತರ ಜಮೀನು ತೆಗೆದುಕೊಂಡು ಅಲ್ಲೊಂದು ಏರ್‌ಸ್ಟ್ರಿಪ್ ಮಾಡಿದ್ದರು. ಯುದ್ಧ ಮುಗಿಯಿತು, ಜಮೀನಿನ ತಕರಾರು ಮುಗಿಯಲಿಲ್ಲ. 2017ರ ಜೂನ್‌ನಲ್ಲಿ ಅಲ್ಲಿ ರಕ್ಷಣಾ ಇಲಾಖೆಯ ಗೋಡೆ ವಿಚಾರಕ್ಕೆ ರೈತರ ಹೋರಾಟ ಹಿಂಸೆಗೆ ತಿರುಗಿತ್ತು, ಆಗ ಈ ಕಡೆ ಇದ್ದವರಿಗೆ ನೆನಪಿರಬಹುದು. ಈಗ ಆ ಸುತ್ತಲೂ ಕಟ್ಟಡಗಳು ಏಳುತ್ತಿವೆ. ಎಂಜಿನ್ ನಿಂತರೆ ನೇರ ಎದುರಿಗೆ ಇಳಿ ಅಂತ ಮೇಲೆ ಹೇಳಿದೆನಲ್ಲ? ಡೊಂಬಿವಲಿ, ಉಲ್ಲಾಸನಗರ, ಅಂಬರನಾಥದ ನಡುವೆ ನೇರ ಎದುರಿಗೆ ಸಿಗೋದು ಜನರ ಮನೆ. ನೆಲದ ಮೇಲಿರೋರು ಯಾವ ಪ್ರಯೋಗಕ್ಕೂ ಒಪ್ಪಿಗೆ ಕೊಟ್ಟಿಲ್ಲ. ಖಾಲಿ ಜಾಗ ಇರೋ ದೂರದ ಏರ್‌ಸ್ಟ್ರಿಪ್ ಹುಡುಕೋದು ಅಂದ್ರೆ ಮೊದಲ ನಿಮಿಷಕ್ಕೆ ಮರ್ಯಾದೆ ಕೊಡೋದು.

ನಮಗೆ ಏನು ಉಳಿಯಿತು?

2025ರ ಡಿಸೆಂಬರ್‌ನಲ್ಲಿ ನವಿ ಮುಂಬಯಿಯ ಹೊಸ ನಿಲ್ದಾಣ ಶುರುವಾದಾಗ ಮೊದಲು ಬಂದಿಳಿದ ಪ್ರಯಾಣಿಕ ವಿಮಾನ ನಮ್ಮ ಬೆಂಗಳೂರಿನಿಂದಲೇ ಬಂದದ್ದು. ಖಾರ್‌ಘರ್, ಉಲ್ವೆ, ಪನ್ವೇಲ್‌ನ ಮಕ್ಕಳು ಈಗ ಬಾಲ್ಕನಿಯಿಂದ ದಿನಾ ಟೇಕಾಫ್ ನೋಡ್ತಾರೆ. ಅವರಲ್ಲಿ ಯಾರಿಗೋ ಸ್ವಂತ ವಿಮಾನ ಕಟ್ಟೋ ಹುಚ್ಚು ಹತ್ತೇ ಹತ್ತುತ್ತೆ. ಹತ್ತಲಿ. ಆ ಹುಡುಗನಿಗೆ, ಆ ಹುಡುಗಿಗೆ ನಾವು ಯಾವ ಕಥೆ ಹೇಳ್ತೀವಿ ಅನ್ನೋದು ಮುಖ್ಯ. ಸರ್ಕಾರ ಅಡ್ಡ ಬಂದರೂ ಕಟ್ಟಿಬಿಟ್ಟ ಅನ್ನೋ ಕಥೆ ಮಾತ್ರ ಹೇಳಿದರೆ, ಕಟ್ಟಿದ ಮೇಲೆ ಎಲ್ಲಾ ಮುಗೀತು ಅಂದುಕೊಳ್ತಾರೆ. ಅಸಲಿ ಪರೀಕ್ಷೆ ಶುರುವಾಗೋದೇ ಆಗ.

ನಿಯಮದವರಿಗೂ ಇದರಲ್ಲಿ ಪಾಠ ಇದೆ. ಅಮೆರಿಕದವರು ಮಾಡಿದ ಹಾಗೆ ಅಪಘಾತ ಎಲ್ಲಿ ಆಗ್ತಿದೆ ಅಂತ ಲೆಕ್ಕ ನೋಡಿ, ಅಲ್ಲೇ ಬಿಗಿ ಮಾಡಬೇಕು, ಉಳಿದ ಕಡೆ ಬಿಡಬೇಕು. ಎಂಟು ವರ್ಷ ಕಾಗದ ನೋಡೋ ಬದಲು ಮೊದಲ ನಲವತ್ತು ಗಂಟೆ ಹಾರಾಟ ನೋಡಲಿ. ಪೈಲಟ್‌ಗೆ ಅದೇ ತರಹದ ವಿಮಾನದಲ್ಲಿ ತರಬೇತಿ ಆಗಿದೆಯಾ ಅಂತ ಕೇಳಲಿ.

ನಮ್ಮಲ್ಲಿ ರಜೆಯಲ್ಲಿ ಊರಿಗೆ ಹೋದಾಗ ಹಗುರ ವಿಮಾನದಲ್ಲಿ ಒಂದು ಸುತ್ತು ಹೋಗಿಬರೋರು ಇದ್ದಾರೆ. ಹತ್ತುವ ಮುಂಚೆ ಮೂರು ಪ್ರಶ್ನೆ ಕೇಳಿ. ಈ ಪೈಲಟ್ ಇದೇ ವಿಮಾನದಲ್ಲಿ ಇತ್ತೀಚೆಗೆ ಎಷ್ಟು ಹಾರಿದ್ದಾರೆ? ನಮ್ಮಿಬ್ಬರ ತೂಕ, ಇವತ್ತಿನ ಬಿಸಿಲು ಲೆಕ್ಕ ಹಾಕಿದ್ದೀರಾ? ನೆಲ ಬಿಟ್ಟ ಕೂಡಲೇ ಎಂಜಿನ್ ನಿಂತರೆ ಎಲ್ಲಿ ಇಳೀತೀರಿ? ಒಳ್ಳೆ ಪೈಲಟ್ ಆದರೆ ಮೂರನೇ ಪ್ರಶ್ನೆಗೆ ಯೋಚಿಸದೆ ಕೈ ಚಾಚಿ ಜಾಗ ತೋರಿಸ್ತಾರೆ, ಯಾಕಂದ್ರೆ ಅವರು ಅದನ್ನು ಮೊದಲೇ ನೋಡಿಟ್ಟಿರ್ತಾರೆ. ತಡವರಿಸಿದರೆ ನೆಲದ ಮೇಲೇ ನಿಂತು ಒಂದು ಫೋಟೋ ತೆಗೆಸಿಕೊಂಡು ಬನ್ನಿ.

ವಿಲ್ಬರ್ ರೈಟ್ 1903ಕ್ಕೆ ಮೊದಲು ಎಂಜಿನ್ ಇಲ್ಲದ ಗ್ಲೈಡರ್‌ಗಳಲ್ಲಿ ಅದೇ ಮರಳು ಗುಡ್ಡದಿಂದ ನೂರಾರು ಸಲ ಜಾರಿ ಹಾರಿದ್ದ. ಆ ಕಾಲಕ್ಕೆ ಜಗತ್ತಿನಲ್ಲಿ ಅವನಷ್ಟು ಅಭ್ಯಾಸ ಇದ್ದವರೇ ಅಪರೂಪ. ಅಂಥವನಿಗೂ ಹೊಸ ವಿಮಾನ ಮೂರೂವರೆ ಸೆಕೆಂಡು ಮಾತ್ರ ಕೊಟ್ಟಿತು. ಅವನು ತಾನು ಮೂಗು ಜಾಸ್ತಿ ಎತ್ತಿದ್ದನ್ನು ಒಪ್ಪಿಕೊಂಡ. ವಿಮಾನ ರಿಪೇರಿ ಆಯಿತು, ಮುಂದಿನ ಸಲ ಇಳಿಜಾರು ಬಿಟ್ಟು ಸಮತಟ್ಟು ನೆಲದ ಮೇಲೆ ಹಳಿ ಹಾಸಿದರು. ಅದೇ 17ನೇ ತಾರೀಖು ಅದೇ ವಿಲ್ಬರ್ ದಿನದ ಕೊನೆಯ ಹಾರಾಟದಲ್ಲಿ 59 ಸೆಕೆಂಡು ಗಾಳಿಯಲ್ಲಿದ್ದ, 852 ಅಡಿ ಹೋದ. ಮೂರೂವರೆ ಸೆಕೆಂಡಿನಿಂದ 59 ಸೆಕೆಂಡಿಗೆ ಬರೋಕೆ ಮೂರು ದಿನ ಸಾಕಾಯಿತು, ಯಾಕಂದ್ರೆ ಮೊದಲ ಸಲ ಬಿದ್ದದ್ದು ಮೆತ್ತನೆ ಮರಳಿನ ಮೇಲೆ, ಹೆಚ್ಚು ಎತ್ತರದಿಂದಲೂ ಅಲ್ಲ.

ಇವತ್ತಿಗೆ ಇಷ್ಟು ಸಾಕು. ನಿಮ್ಮ ಕಡೆ ವಿಮಾನ ಕಟ್ಟೋ ಕನಸಿರೋ ಹುಡುಗರು ಯಾರಾದರೂ ಇದ್ದರೆ ಅವರಿಗೂ ಈ ಬರಹ ಕಳಿಸಿ. ಮುಂದಿನ ವಾರ ಸಿಗೋಣ.